ಕ್ಯಾಂಪಿನ ಕೆಲಸಕ್ಕೆ ಸಹಿ ಹಾಕುವ ಮುಂಚೆ

ಆಳಂದದ ತಮ್ಮ, ಕುವೈತ್‌ಗೆ ಬಂದು ಎರಡು ವಾರ ಆಯಿತು, ಏಜೆಂಟ್ ಅಮೆರಿಕನ್ ಸೈನ್ಯದ ಕ್ಯಾಂಪಿನಲ್ಲಿ ಕೆಲಸ ಇದೆ ಅನ್ನುತ್ತಾನೆ ಅಂತ ಬರೆದಿದ್ದೀಯ. ಅವರು ಜೈಲಿಗೇ ಕೋಟಿಗಟ್ಟಲೆ ಸುರಿಯುತ್ತಾರಂತೆ, ನಮಗೂ ಸಂಬಳ ಜೋರಾಗಿರುತ್ತೆ ಅಲ್ವಾ ಅಂತ ಕೇಳಿದ್ದೀಯ.

ಸುರಿಯುವುದು ನಿಜ. ಕ್ಯೂಬಾದ ನೆಲದಲ್ಲಿ ಅಮೆರಿಕನ್ ಸೈನ್ಯ ನಡೆಸುವ ಗ್ವಾಂಟನಾಮೊ ಜೈಲಿಗೆ ವರ್ಷಕ್ಕೆ 54 ಕೋಟಿ ಡಾಲರ್ ಖರ್ಚು ಅಂತ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಆಗ ಒಳಗಿದ್ದವರು ಬರೀ 40 ಜನ. ತಲೆಗೆ 1.3 ಕೋಟಿ ಡಾಲರ್‌ಗಿಂತ ಜಾಸ್ತಿ! ಕ್ಯೂಬಾಗೂ ಅಮೆರಿಕಕ್ಕೂ ಆಗಿಬರಲ್ಲ, ಅದಕ್ಕೇ ಅಲ್ಲಿ ಪಕ್ಕದ ಊರಿನಿಂದ ಒಂದು ಈರುಳ್ಳಿಯೂ ಕೊಳ್ಳುವಂತಿಲ್ಲ, ಎಲ್ಲಾ ಹಡಗು, ವಿಮಾನದಲ್ಲೇ ಬರಬೇಕು. 1964ರಲ್ಲಿ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅಲ್ಲಿನ ಸೈನ್ಯದ ನೆಲೆಗೆ ನೀರು ನಿಲ್ಲಿಸಿದ ಮೇಲೆ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ.

ಆದರೆ ಆ ದುಡ್ಡು ನಿನ್ನವರೆಗೆ ಇಳಿಯುವುದಿಲ್ಲ. ನಮ್ಮ ಕಡೆ ರೋಡ್ ಕೆಲಸ ನೋಡಿದ್ದೀಯಲ್ಲ, ಟೆಂಡರ್ ಒಬ್ಬನ ಹೆಸರಲ್ಲಿ, ಡಾಂಬರು ಹಾಕುವವನು ಇನ್ನೊಬ್ಬ. ಇಲ್ಲೂ ಹಾಗೇ. ಸೈನ್ಯ ದೊಡ್ಡ ಕಂಪನಿಗೆ ಗುತ್ತಿಗೆ ಕೊಡುತ್ತದೆ, ಅದು ಸಬ್ ಗುತ್ತಿಗೆ ಕೊಡುತ್ತದೆ, ಕೆಳಗೆ ಮತ್ತೊಬ್ಬ, ಆಮೇಲೆ ನಿನ್ನ ಏಜೆಂಟ್. ಇರಾಕ್ ಯುದ್ಧದ ಕಾಲದಲ್ಲಂತೂ ಮೇಲಿನ ಕಂಪನಿಗೆ ಆದ ಖರ್ಚನ್ನೆಲ್ಲ ಕೊಟ್ಟು, ಅದರ ಮೇಲೆ ಲಾಭ ಬೇರೆ ಕೊಡುತ್ತಿದ್ದರು. ಉಳಿಸುವ ಆಸೆ ಯಾರಿಗಿರುತ್ತೆ ಹೇಳು? ಉಳಿತಾಯ ಅಂತ ನಡೆಯುವುದು ಕೆಳಗಿನವನ ಸಂಬಳದಲ್ಲಿ.

ನಾನು 2006ರಲ್ಲಿ ಇಂಥದ್ದೇ ಒಬ್ಬ ಸಬ್ ಗುತ್ತಿಗೆದಾರನ ಲಾಂಡ್ರಿ ಸೇರಿದೆ. ಸೈನಿಕರ ಒಂದೊಂದು ಚೀಲಕ್ಕೂ ಚೀಟಿ. ಸಾಕ್ಸ್ ಎಷ್ಟು ಜೊತೆ, ಬನಿಯನ್ ಎಷ್ಟು, ಎಣಿಸಿ ಬರೆಯಬೇಕು. ಮೊದಲ ದಿನವೇ ಕಿತ್ತುಕೊಂಡ ನನ್ನ ಪಾಸ್‌ಪೋರ್ಟ್‌ಗೆ ಮಾತ್ರ ಚೀಟಿ ಇರಲಿಲ್ಲ. ಅಪ್ಪ ತೀರಿಕೊಂಡಾಗ ಅದು ಕೈಗೆ ಬರಲು ಹನ್ನೊಂದು ದಿನ ಹಿಡಿಯಿತು. ಮಣ್ಣಿಗೆ ಹೋಗಲಾಗಲಿಲ್ಲ. ಕೆಲಸಗಾರರ ಪಾಸ್‌ಪೋರ್ಟ್ ವಾಪಸ್ ಕೊಡಿ ಅಂತ ಇರಾಕ್‌ನಲ್ಲಿದ್ದ ಅಮೆರಿಕನ್ ಸೈನ್ಯ ಗುತ್ತಿಗೆದಾರರಿಗೆ ಆದೇಶ ಕೊಟ್ಟಿದ್ದೂ ಅದೇ ವರ್ಷವಂತೆ. ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಬಿಸಿಲು, ಊಟದ ಬಗ್ಗೆ ಕೇಳಿದ್ದೀಯ. ಬಿಸಿಲು ಕಲಬುರಗಿಯವನಿಗೆ ನಾನೇನು ಹೇಳಲಿ! ಜೋಳದ ಹಿಟ್ಟು ಹುಡುಕಿದರೆ ಸಿಗುತ್ತೆ.

ವೀಸಾದಲ್ಲಿರುವ ಕಂಪನಿ ಹೆಸರು, ಕರಾರಿನಲ್ಲಿರುವ ಹೆಸರು ಒಂದೇನಾ ನೋಡು. ಕಂಪನಿ ಎಲ್ಲಿಗೆ ಕಳಿಸಿದರೂ ಹೋಗಬೇಕು ಅನ್ನುವ ಸಾಲಿದ್ದರೆ ಗಡಿ ದಾಟಿಸಿಬಿಟ್ಟಾರು, ಹುಷಾರು. ಕಾಗದ ಅರಬ್ಬಿಯಲ್ಲಿದ್ದರೆ ಶುಕ್ರವಾರ ತಗೊಂಡು ಬಾ. ನನ್ನ ರೂಮಿನಲ್ಲಿ ಬೀದರ್‌ನವರೊಬ್ಬರಿದ್ದಾರೆ, ಚೆನ್ನಾಗಿ ಓದುತ್ತಾರೆ. ಅಲ್ಲಿಯವರೆಗೆ ಸಹಿ ಹಾಕಬೇಡ.