ಮ್ಯಾಂಚೆಸ್ಟರ್‌ಗೆ ಬರ್ತಿರೋ ತಂಗಿಗೆ, ಸೋತ ಸೀಸನ್ನಿನ ಮನೆಯಿಂದ

ತಂಗಿ, ಈ ಸೆಪ್ಟೆಂಬರಲ್ಲಿ ಹಾಸನದಿಂದ ಮ್ಯಾಂಚೆಸ್ಟರ್‌ಗೆ ನರ್ಸ್ ಕೆಲಸಕ್ಕೆ ಬರ್ತಿದ್ದೀನಿ, ಜೊತೆಗೆ ಯಜಮಾನರು, ಆರು ವರ್ಷದ ಮಗ ಅಂತ ಬರೆದಿದ್ದೀರಿ. "ದುಡ್ಡಿನ ಲೆಕ್ಕ ಎಲ್ರೂ ಹೇಳ್ತಾರೆ ಅಕ್ಕ, ಅಲ್ಲಿ ದಿನ ಹೇಗೆ ಹೋಗುತ್ತೆ, ಮಗನಿಗೆ ಜೊತೆ ಸಿಗುತ್ತಾ, ಒಂಟಿ ಅನ್ನಿಸಲ್ವಾ" ಅಂತ ಕೇಳಿದ್ದೀರಿ.

ಬೇಗ ಮುಗಿಯೋ ವಿಷಯ ಮೊದಲು ಹೇಳಿಬಿಡ್ತೀನಿ. ನಿಮ್ಮದು ಹೆಲ್ತ್ ಅಂಡ್ ಕೇರ್ ವೀಸಾ ಆದ್ರೆ ವರ್ಷಕ್ಕೆ 1,035 ಪೌಂಡಿನಂತೆ ವೀಸಾ ಜೊತೆ ಕಟ್ಟೋ ಆರೋಗ್ಯ ಸರ್‌ಚಾರ್ಜ್ ನಿಮಗಾಗಲಿ ಮನೆಯವರಿಗಾಗಲಿ ಇಲ್ಲ. ಮನೆ ಸಿಕ್ಕ ತಕ್ಷಣ ಹತ್ತಿರದ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ ಎಲ್ಲರ ಹೆಸರೂ ಬರೆಸಿ. ಮಗನ ಶಾಲೆಗೆ ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ) ಕಡೆ ವಿಚಾರಿಸಿ. ಯಾವ ಶಾಲೆ ಸಿಗುತ್ತೆ ಅನ್ನೋದು ಬಹುಮಟ್ಟಿಗೆ ಮನೆ ಎಲ್ಲಿದೆ ಅನ್ನೋದರ ಮೇಲೆ ನಿಂತಿರುತ್ತೆ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಡಿಸೆಂಬರಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗಿರ್ತಾನೆ. ಚಳಿಗಾಲ ಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳಿ. ನಮ್ಮ ಮೈಬಣ್ಣದವರಿಗೆ ಅದು ಇನ್ನೂ ಮುಖ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ದಿನ ಹೇಗೆ ಹೋಗುತ್ತೆ ಅನ್ನೋದು. ನಮ್ಮ ಮನೆಯ ವಾರ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ತಂಡದ ಆಟದ ಸುತ್ತ ತಿರುಗುತ್ತೆ. ನನ್ನ ಲಾಂಗ್ ಡೇ ಡ್ಯೂಟಿ, ನಮ್ಮ ಯಜಮಾನರ ಆಫೀಸ್ ಮೀಟಿಂಗ್, ಮಗಳ ಸಂಗೀತ ಪಾಠ, ಎಲ್ಲವೂ ಆ ಆಟಗಳ ಪಟ್ಟಿ ನೋಡಿಕೊಂಡೇ ಹೊಂದಿಸೋದು. 2024-25ರ ಸೀಸನ್ ಹೇಗಿತ್ತು ಗೊತ್ತಾ? ಅಕ್ಟೋಬರಲ್ಲಿ ಕೋಚ್ ಟೆನ್ ಹಾಗ್‌ನ ತೆಗೆದ್ರು, ನವೆಂಬರಲ್ಲಿ ರೂಬೆನ್ ಅಮೊರಿಮ್ ಬಂದ. ಸೀಸನ್ ಮುಗಿದಾಗ ಇಪ್ಪತ್ತು ತಂಡಗಳಲ್ಲಿ ನಾವು 15ನೇ ಜಾಗದಲ್ಲಿ, 42 ಪಾಯಿಂಟ್. 1974ರಲ್ಲಿ ಕೆಳಗಿನ ಡಿವಿಷನ್ನಿಗೆ ಬಿದ್ದ ಮೇಲೆ ಇಷ್ಟು ಕೆಟ್ಟ ಸೀಸನ್ ಬಂದಿರಲಿಲ್ಲ. ಅದರ ಮೇಲೆ ಲಿವರ್‌ಪೂಲ್ ಲೀಗ್ ಗೆದ್ದು 20ನೇ ಪ್ರಶಸ್ತಿ ತಗೊಂಡು ನಮ್ಮ ಸರಿಸಮ ಬಂದು ನಿಂತಿತು. ಅವತ್ತು ನಮ್ಮ ಮಗಳ ಮುಖ ನೋಡೋಕಾಗ್ತಿರಲಿಲ್ಲ.

ಆದ್ರೆ ಅದೇ ಸೀಸನ್ನಿನ ಏಪ್ರಿಲ್ 17ರ ಗುರುವಾರದ ರಾತ್ರಿ ನಾನು ಸಾಯೋವರೆಗೂ ಮರೆಯಲ್ಲ. ಯುರೋಪಿನ ಕ್ಲಬ್ಬುಗಳ ಕಪ್ ಯುರೋಪಾ ಲೀಗಿನ ಕ್ವಾರ್ಟರ್ ಫೈನಲ್, ಫ್ರಾನ್ಸಿನ ಲಿಯಾನ್ ವಿರುದ್ಧ. ಮಾರನೇ ದಿನ ಗುಡ್ ಫ್ರೈಡೇ, ಶಾಲೆಗೆ ರಜ, ಹಾಗಾಗಿ ಮಗಳಿಗೆ ಮಲಗು ಅನ್ನೋರಿಲ್ಲ. ನಾನು ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ತಟ್ಟೆಯಲ್ಲಿ ಹುಳಿ ಅನ್ನ ಕಲಸಿಕೊಂಡು ಕೂತಿದ್ದೆ. 2-0 ಮುಂದಿದ್ದವರು 2-2 ಮಾಡಿಕೊಂಡ್ರು, ಹೆಚ್ಚುವರಿ ಸಮಯದಲ್ಲಿ 2-4. ನಮ್ಮ ಯಜಮಾನರು ಇನ್ನು ನೋಡೋಕಾಗಲ್ಲ ಅಂತ ಎದ್ದು ಹೋಗಿ ಪಾತ್ರೆ ತೊಳೆಯೋಕೆ ನಿಂತ್ರು. 114ನೇ ನಿಮಿಷಕ್ಕೆ ನಮ್ಮ ಕ್ಯಾಪ್ಟನ್ ಬ್ರೂನೋ ಪೆನಾಲ್ಟಿ ಹಾಕಿದ. ಅವರು ಕೈ ಒರೆಸಿಕೊಂಡು ಓಡಿಬಂದ್ರೆ ಮಗಳು, "ಅಪ್ಪಾ, ಒಳಗೇ ಇರಿ! ನೀವು ಅಲ್ಲಿದ್ರೇ ಗೋಲ್ ಆಗೋದು" ಅಂತ ಮತ್ತೆ ಅಡುಗೆಮನೆಗೆ ಕಳಿಸಿದಳು. ನಮ್ಮದೂ ಪಕ್ಕದ ಮನೆಯವರದೂ ಒಂದೇ ಗೋಡೆ. ನಮ್ಮ ಟಿವಿ ಇಂಟರ್ನೆಟ್‌ನಲ್ಲಿ ಬರೋದ್ರಿಂದ ಅವರಿಗಿಂತ ಅರ್ಧ ನಿಮಿಷ ಹಿಂದೆ. 120ನೇ ನಿಮಿಷ, ಗೋಡೆಯಾಚೆ ಅಜ್ಜ ಕೂಗಿದ್ದು ಕೇಳಿಸಿತು, ಆಮೇಲೆ ನಮ್ಮಲ್ಲಿ ಮೈನೂ ಗೋಲ್. ಉಸಿರು ಬಿಡೋದರೊಳಗೆ ಆಚೆಯಿಂದ ಗೋಡೆಗೆ ದಬದಬ ಗುದ್ದು. ಅಡುಗೆಮನೆಯಿಂದ ಅವರೂ ಓಡಿಬಂದ್ರು, ಮೂರೂ ಜನ ಪರದೆ ಮುಂದೆ ಎದ್ದು ನಿಂತು ಕಾದ್ವಿ. ಬಂತು, ಮಗ್ವೈರ್ ಹೆಡರ್. 5-4. ನಾವೂ ತಿರುಗಿ ಗೋಡೆ ಗುದ್ದಿದ್ವಿ.

ಆ ಅಜ್ಜನ ಪರಿಚಯ ಅದಕ್ಕೆ ಮೊದಲು ಕಸದ ಡಬ್ಬಿ ಹೊರಗಿಡೋ ದಿನದ ನಮಸ್ಕಾರದಷ್ಟೇ ಇತ್ತು. ಮಾರನೇ ಬೆಳಿಗ್ಗೆ ಬಾಗಿಲು ತಟ್ಟಿ ಮಗಳ ಕೈಗೆ ಈಸ್ಟರ್ ಎಗ್ ಕೊಟ್ರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಯುನೈಟೆಡ್ಡಿನ ಹಳೇ ಹೀರೋ ಡೆನಿಸ್ ಲಾ 2025ರ ಜನವರಿಯಲ್ಲಿ ತೀರಿಕೊಂಡಿದ್ದು, 1974ರಲ್ಲಿ ಅದೇ ಲಾ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಪರವಾಗಿ ನಮ್ಮ ತಂಡದ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೇ ಹಿಮ್ಮಡಿಯಿಂದ ಗೋಲ್ ಹೊಡೆದು, ಸಂಭ್ರಮಿಸದೆ ತಲೆತಗ್ಗಿಸಿ ನಡೆದದ್ದು, ಆ ಸಲ ತಂಡ ಬಿದ್ದರೂ ಮುಂದಿನ ವರ್ಷವೇ ಎರಡನೇ ಡಿವಿಷನ್ ಗೆದ್ದು ಮೇಲೆ ಬಂದದ್ದು, ಎಲ್ಲ ಮಗಳಿಗೆ ಹೇಳಿದವರು ಅವರೇ.

ಮೇ 18ಕ್ಕೆ ನಮ್ಮ ಹೆಣ್ಣುಮಕ್ಕಳ ತಂಡ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲನ್ನ ಚೆಲ್ಸಿಗೆ 3-0 ಸೋತಿತು. 21ಕ್ಕೆ ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲನ್ನ ಗಂಡಸರು ಟಾಟನ್‌ಹ್ಯಾಮ್‌ಗೆ 1-0 ಸೋತ್ರು. ಲೀಗ್‌ನಲ್ಲಿ ನಮಗಿಂತ ಕೆಳಗೆ, 17ನೇ ಜಾಗದಲ್ಲಿದ್ದ ತಂಡ ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾರನೇ ದಿನ ವಾರ್ಡಿನಲ್ಲಿ ಹ್ಯಾಂಡೋವರ್ ತಗೊಳ್ಳೋಕೆ ಹೋದ್ರೆ ಯಾರೂ ಮೊದಲು ಮಾತಾಡಲಿಲ್ಲ. ಕೇರಳದ ಸಿಸ್ಟರ್ ಒಬ್ಬರು ಸುಮ್ಮನೆ ಟೀ ಲೋಟ ತಂದು ಮುಂದಿಟ್ಟರು.

ನನ್ನ ಅನುಭವದಲ್ಲಿ, ಹೊಸ ಊರಲ್ಲಿ ನಮ್ಮನ್ನ ನಮ್ಮ ಯಶಸ್ಸಿನಿಂದ ಯಾರೂ ಹತ್ತಿರ ಸೇರಿಸಿಕೊಳ್ಳಲಿಲ್ಲ. ಬಡ್ತಿ ಬಂದಾಗ ಕಂಗ್ರಾಟ್ಸ್ ಅಂದ್ರು, ಅಷ್ಟೇ. ಊರಿಗೆ ನೋವಾದದ್ದು ನಮಗೂ ನಿಜವಾಗಿ ನೋವಾದಾಗ ಮಾತ್ರ ಬಾಗಿಲುಗಳು ತೆರೆದವು. ಕರ್ನಾಟಕದಲ್ಲಿ ಆರ್‌ಸಿಬಿಗೆ ಹದಿನೆಂಟು ಸೀಸನ್ ಕಾದ ನಮ್ಮ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 3ರಂದು ಕಪ್ ಗೆದ್ದಾಗ ಇಲ್ಲಿ ಇನ್ನೂ ಹಗಲು, ನಮ್ಮ ಮನೆ ತುಂಬ ಕನ್ನಡದವರು, ಕೇಸರಿಬಾತ್ ಮಾಡಿದ್ದೆ. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ ಹನ್ನೊಂದು ಜೀವ ಹೋದ ಸುದ್ದಿ. ಆ ಸಂಜೆ ಅಜ್ಜ ಬಂದು, ನಿಮ್ಮೂರಿನ ಸುದ್ದಿ ನೋಡಿದೆ, ನಿಮ್ಮವರೆಲ್ಲ ಸೇಫ್ ಇದ್ದಾರಾ ಅಂತ ಕೇಳಿದ್ರು. ಅಷ್ಟು ದೂರದಲ್ಲಿ ಕೂತವಳಿಗೆ ಆ ಒಂದು ಮಾತು ಎಷ್ಟು ದೊಡ್ಡದು ಅಂತ ನೀವು ಬಂದ ಮೇಲೆ ನಿಮಗೇ ತಿಳಿಯುತ್ತೆ.

ಮಗನ ವಿಷಯಕ್ಕೆ ಬರ್ತೀನಿ. ಅವನನ್ನ ಬಡಾವಣೆಯ ಮಕ್ಕಳ ಫುಟ್ಬಾಲ್ ಕ್ಲಬ್ಬಿಗೆ ಸೇರಿಸಿ, ಆಡೋಕೆ ಬರದಿದ್ರೂ ಸರಿ. ಈ ದೇಶದಲ್ಲಿ ಹನ್ನೊಂದು ವರ್ಷದೊಳಗಿನವರ ಗುಂಪಿನವರೆಗೂ ಆಟದ ಫಲಿತಾಂಶ, ಪಾಯಿಂಟ್ ಪಟ್ಟಿ ಪ್ರಕಟಿಸೋ ಹಾಗಿಲ್ಲ. ನನಗೆ ತುಂಬ ಹಿಡಿಸಿದ ನಿಯಮ ಅದು. ಮಗಳ ತಂಡ ಹೋದ ಚಳಿಗಾಲದಲ್ಲಿ ಸುಮಾರಾಗಿ ಎಲ್ಲ ಆಟ ಸೋತಿದೆ. ಆದ್ರೂ ಭಾನುವಾರ ಬೆಳಿಗ್ಗೆ ಶಿನ್ ಪ್ಯಾಡ್ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರ್ತಾಳೆ. ಗೆರೆಯ ಪಕ್ಕ ಮಳೆಯಲ್ಲಿ ನಿಂತ ಅಪ್ಪ ಅಮ್ಮಂದಿರೇ ಈಗ ನಮ್ಮ ಬಳಗ. ನನಗೆ ನೈಟ್ ಡ್ಯೂಟಿ ಬಂದಾಗ ಮಗಳನ್ನ ಶಾಲೆಯಿಂದ ಕರಕೊಂಡು ಬರೋದು ಅವರಲ್ಲೊಬ್ಬರು.

ಓಲ್ಡ್ ಟ್ರಾಫರ್ಡ್‌ಗೆ ಮಗನನ್ನ ಕರಕೊಂಡು ಹೋಗೋ ಆಸೆ ಇದ್ರೆ ಮೊದಲು ದರ ನೋಡಿ. 2024-25ರ ಸೀಸನ್ ನಡುವೆ ಕ್ಲಬ್ ಸದಸ್ಯರಿಗೆ ಮಾರೋ ಉಳಿದ ಟಿಕೆಟ್‌ಗಳನ್ನ 66 ಪೌಂಡ್ ಮಾಡಿದ್ರು, ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿ ಇಲ್ಲದೆ. ಅಭಿಮಾನಿಗಳು ಬೀದಿಗಿಳಿದು ಪ್ರತಿಭಟಿಸಿದ್ರು. ಹತ್ತಿರದ ಲೀ (Leigh) ಊರಿನ ಮೈದಾನದಲ್ಲಿ ಯುನೈಟೆಡ್ಡಿನ ಹೆಣ್ಣುಮಕ್ಕಳ ತಂಡ ಆಡುತ್ತೆ, ಟಿಕೆಟ್ ಅಗ್ಗ, ಆಟ ತುಂಬ ಹತ್ತಿರದಿಂದ ಕಾಣುತ್ತೆ. ಲೀಗ್‌ನಲ್ಲಿ ಅವರು ಆ ಸೀಸನ್ ಮೂರನೇ ಜಾಗ ಬಂದ್ರು. ಮಗನಿಗೆ ಮೊದಲ ಆಟ ಅಲ್ಲೇ ತೋರಿಸಿ.

ದಪ್ಪ ಜಾಕೆಟ್ ಅಲ್ಲಿ ಕೊಳ್ಳಬೇಡಿ, ಇಲ್ಲೇ ಮಳೆ ತಡೆಯೋ ಒಳ್ಳೇದು ಸಿಗುತ್ತೆ. ಕುಕ್ಕರ್ ಗ್ಯಾಸ್ಕೆಟ್, ಮನೆಯ ಸಾರಿನ ಪುಡಿ ತನ್ನಿ. ಮಗನ ಶೂ ಸೈಜ್ ಬರೆದು ಕಳಿಸಿ; ಮಗಳಿಗೆ ಚಿಕ್ಕದಾದ ಬೂಟುಗಳು ತೊಳೆದು ಇಟ್ಟಿದ್ದೀನಿ, ಅದರಲ್ಲಿ ಒಂದು ಜೊತೆ ಅವನಿಗೆ ಸರಿಹೋಗಬಹುದು.