ಸಂಪಾದಕರ ಉತ್ತರ: ‘ಗೆ’ ಬಿಟ್ಟುಹೋದ ಅಡಿಬರಹ

ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯದ ಒಳನಾಡಿನ ಹಳೆಯ ಪೋಸ್ಟ್‌ಕಾರ್ಡ್ ಚಿತ್ರವೊಂದನ್ನು ಅಚ್ಚು ಹಾಕಿದ್ದೆವು. ಸರಕಿನ ರೈಲುಡಬ್ಬಿಗಳ ಪಕ್ಕ ಕೂತ ಒಂಟೆಗಳು, ಪೇಟ ಸುತ್ತಿದ ಮೂವರು, ಬಲತುದಿಯಲ್ಲಿ ನಿಂತ ಇಬ್ಬರು ಮೂಲನಿವಾಸಿಗಳು. ಅಡಿಬರಹ: ‘ಆಲಿಸ್ ಸ್ಪ್ರಿಂಗ್ಸ್ ರೈಲು ನಿಲ್ದಾಣ, 1910. ಅಫ್ಘನ್ ಒಂಟೆಯಾಳುಗಳು’. ಧಾರವಾಡದ ಓದುಗರೊಬ್ಬರು ಇದರ ಮೇಲೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಆ ಊರಿಗೆ ರೈಲು ಬಂದದ್ದು 1929ರಲ್ಲಲ್ಲವೇ? ಕೆಂಪು ಮರುಭೂಮಿ ಎನ್ನುತ್ತೀರಿ, ನೆಲ ಯಾಕೆ ಇದ್ದಿಲಿನಂತೆ ಕಪ್ಪಗಿದೆ? ಪೇಟದವರು ನಮ್ಮ ಕಡೆಯವರಂತೆ ಕಾಣುತ್ತಾರಲ್ಲ? ಅಡಿಲೇಡಿನಲ್ಲಿರುವ ಅವರ ಮಗಳು ಹಳೆಯ ಸಾಮಾನಿನ ಸಂತೆಯಲ್ಲಿ 11 ಗಾಜಿನ ನೆಗೆಟಿವ್ ಕೊಂಡಿದ್ದಾರಂತೆ. ಅವನ್ನು ಏನು ಮಾಡಬೇಕು ಎಂಬುದು ಕೊನೆಯ ಪ್ರಶ್ನೆ.

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ನೀವು ಹೇಳಿದ್ದು ಸರಿ. ಆಲಿಸ್ ಸ್ಪ್ರಿಂಗ್ಸ್‌ಗೆ ಮೊದಲ ರೈಲು ಹೋದದ್ದು 1929ರ ಆಗಸ್ಟಿನಲ್ಲಿ. ಅಷ್ಟೇ ಅಲ್ಲ, 1910ರಲ್ಲಿ ಆ ಪೇಟೆಯ ಹೆಸರೂ ಅದಲ್ಲ, ಸ್ಟುವರ್ಟ್. ಆಲಿಸ್ ಸ್ಪ್ರಿಂಗ್ಸ್ ಎಂದರೆ ಆಗ ಪೇಟೆಯಿಂದ ಸುಮಾರು 4 ಕಿಲೋಮೀಟರ್ ಆಚೆಯಿದ್ದ ತಂತಿ ಕಚೇರಿ. 1872ರಲ್ಲಿ ಖಂಡವನ್ನು ದಕ್ಷಿಣೋತ್ತರವಾಗಿ ದಾಟಿದ ತಂತಿಸಾಲಿನ ಠಾಣೆ ಅದು. ಪೇಟೆಗೂ ಅದೇ ಹೆಸರಿಟ್ಟದ್ದು 1933ರಲ್ಲಿ.

ಎಡವಟ್ಟಾದದ್ದು ಹೀಗೆ. ಕಾರ್ಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದು ಸಾಲಿದೆ; ಅದರ ಅರ್ಥ ‘ಆಲಿಸ್ ಸ್ಪ್ರಿಂಗ್ಸ್‌ಗೆ ಸರಕು ಹೇರುತ್ತಿರುವುದು’. ಕನ್ನಡಕ್ಕೆ ತರುವಾಗ ನಾವು ಆ ‘ಗೆ’ಯನ್ನು ನುಂಗಿಬಿಟ್ಟೆವು. ಸರಕು ಹೋಗಬೇಕಾದ ಊರು ಸರಕು ಹೇರಿದ ಊರಾಯಿತು.

ಹಾಗಾದರೆ ಇದು ಎಲ್ಲಿಯ ಚಿತ್ರ? ದಿಗಂತ ನೋಡಿ, ಅಡಿಕೋಲಿಟ್ಟು ಎಳೆದ ಗೆರೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕ್ಯಾಮೆರಾ ಎತ್ತಿದರೆ ಮ್ಯಾಕ್‌ಡೊನೆಲ್ ಬೆಟ್ಟಸಾಲು ಕಣ್ಣಿಗೆ ಬೀಳದೆ ಇರುವುದು ಕಷ್ಟ. ಇಲ್ಲಿ ಬೆಟ್ಟವಿಲ್ಲ, ನೆಲದ ತುಂಬ ಸವೆದು ನುಣುಪಾದ ಸಣ್ಣ ಕಲ್ಲು ಹಾಸಿದೆ. 1891ರಿಂದ 1920ರ ದಶಕದ ಕೊನೆಯವರೆಗೆ ಹಳಿ ಮುಗಿಯುತ್ತಿದ್ದದ್ದು ದಕ್ಷಿಣ ಆಸ್ಟ್ರೇಲಿಯದ ಊಡ್ನಡಾಟ ಎಂಬ ಊರಿನಲ್ಲಿ. ಅಲ್ಲಿಂದ ಉತ್ತರಕ್ಕೆ ಹಿಟ್ಟು, ಸಕ್ಕರೆ, ತಗಡು, ಸೀಮೆಎಣ್ಣೆ ಎಲ್ಲ ಹೋಗುತ್ತಿದ್ದದ್ದು ಒಂಟೆಯ ಬೆನ್ನಿನ ಮೇಲೆ. ಕಾರ್ಡಿನ ಮೇಲಿನ ಅಂಚೆಮುದ್ರೆಯೂ ಊಡ್ನಡಾಟದ್ದೇ. ಮುದ್ರೆ ಹೇಳುವುದು ಕಾರ್ಡು ಎಲ್ಲಿ ಅಂಚೆಗೆ ಬಿತ್ತು ಎಂಬುದನ್ನು, ಚಿತ್ರ ಎಲ್ಲಿ ತೆಗೆದದ್ದು ಎಂಬುದನ್ನಲ್ಲ. ಆದರೆ ಬಯಲು, ಕಲ್ಲು, ಹಳಿ, ಪೆನ್ಸಿಲ್ ಸಾಲು ಎಲ್ಲವೂ ಒಂದೇ ಕಡೆ ಬೆರಳು ತೋರಿದಾಗ ಊಡ್ನಡಾಟ ಎನ್ನಲು ಅಡ್ಡಿಯಿಲ್ಲ.

ಇನ್ನು ವರ್ಷ. ‘1910’ ಎಂದು ಬರೆದವರು ಅಂದಾಜಿನ ಮೇಲೆ ಬರೆದಿದ್ದಾರೆ. ಕಾರ್ಡಿನ ಬೆನ್ನನ್ನು ನಡುಗೆರೆ ಎರಡು ಮಾಡಿದೆ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಆಸ್ಟ್ರೇಲಿಯದಲ್ಲಿ ಇಂಥ ಕಾರ್ಡು ಬಳಕೆಗೆ ಬಂದದ್ದು 1905ರ ಸುಮಾರಿಗೆ. ಅಂಟಿಸಿರುವುದು ಕಾಂಗರೂ ಮತ್ತು ಭೂಪಟದ ಒಂದು ಪೆನಿ ಅಂಚೆಚೀಟಿ. ಇಡೀ ಒಕ್ಕೂಟಕ್ಕೆಂದು ಹೊರಟ ಆ ಮೊದಲ ಚೀಟಿ ಬಂದದ್ದು 1913ರ ಜನವರಿಯಲ್ಲಿ. ಅಂದರೆ ಅಂಚೆಗೆ ಬಿದ್ದದ್ದು ಅದಕ್ಕೆ ಮುಂಚೆಯಲ್ಲ. ನೆಗೆಟಿವ್ ಮಾತ್ರ ಕಾರ್ಡಿಗಿಂತ ಹಳೆಯದಿರಬಹುದು. ಚೆನ್ನಾಗಿ ಬಂದ ಪ್ಲೇಟಿನಿಂದ, ಅಂದರೆ ಗಾಜಿನ ನೆಗೆಟಿವ್‌ನಿಂದ, ವರ್ಷಗಟ್ಟಲೆ ಕಾರ್ಡು ಮುದ್ರಿಸಿ ಮಾರುವುದು ಆಗಿನ ವ್ಯಾಪಾರದ ರೂಢಿ.

ಕಪ್ಪು ನೆಲದ ಪ್ರಶ್ನೆ ನಮಗೆ ತುಂಬ ಹಿಡಿಸಿತು. ಆ ಕಾಲದ ಸಾಧಾರಣ ಪ್ಲೇಟಿಗೆ ನೀಲಿ ಬೆಳಕು ಮಾತ್ರ ತಾಕುತ್ತಿತ್ತು. ಆರ್ಥೋಕ್ರೊಮ್ಯಾಟಿಕ್ ಎಂಬ ಸುಧಾರಿಸಿದ ಪ್ಲೇಟಿಗೆ ಹಸಿರೂ ತಾಕುತ್ತಿತ್ತು, ಕೆಂಪು ಮಾತ್ರ ತಾಕುತ್ತಿರಲಿಲ್ಲ. ಪ್ಲೇಟು ತೊಳೆಯುವ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಉರಿಸಿಕೊಂಡು ಕೆಲಸ ಮಾಡಬಹುದಾಗಿದ್ದದ್ದು ಇದೇ ಕಾರಣಕ್ಕೆ. ದೀಪದ ಕೆಂಪು ಕಾಣದ ಪ್ಲೇಟಿಗೆ ನೆಲದ ಕೆಂಪು ಎಲ್ಲಿಂದ ಕಾಣಬೇಕು? ಕೆಮ್ಮಣ್ಣು ಕಪ್ಪಾಯಿತು. ನೀಲಿ ಆಕಾಶ ಸುಟ್ಟು ಬಿಳಿಯಾಯಿತು, ಮೋಡ ಅದರಲ್ಲೇ ಕರಗಿತು. ಮೋಡ ಕವಿದ ದಿನವಿರಬೇಕು ಎಂದು ನೀವು ಊಹಿಸಿದ್ದೀರಿ. ಮನುಷ್ಯರ ಕಾಲಬುಡದ ನೆರಳು ಎಷ್ಟು ಗಡುಸಾಗಿದೆ ನೋಡಿ, ಅದು ಉರಿಬಿಸಿಲಿನ ಚಿತ್ರ. ಮುಖಗಳೂ ಇದ್ದುದಕ್ಕಿಂತ ಹೆಚ್ಚು ಕಪ್ಪಾಗಿ ಬರುತ್ತವೆ. ಕೆಂಪು ಪೇಟ ಕಪ್ಪಾಗಿ, ತಿಳಿನೀಲಿ ಪೇಟ ಬೆಳ್ಳಗೆ ಕಾಣುತ್ತದೆ. ಈಗ ಕಂಪ್ಯೂಟರಿಗೆ ಕೊಟ್ಟು ಇಂಥ ಚಿತ್ರಗಳಿಗೆ ಬಣ್ಣ ಬಳಿಸುವ ಚಪಲ ಹೆಚ್ಚಿದೆ. ದಯವಿಟ್ಟು ಬೇಡ. ಪ್ಲೇಟು ನೋಡದೇ ಇದ್ದ ಬಣ್ಣವನ್ನು ಯಾವ ಯಂತ್ರವೂ ಹುಡುಕಿ ತರಲಾರದು.

ಆದ್ದರಿಂದ ಪೇಟದ ಬಣ್ಣ ನೋಡಿ ಯಾವ ಸೀಮೆಯವರು ಎಂದು ಹೇಳಲು ಹೋಗಬೇಡಿ. ‘ಅಫ್ಘನ್’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 1866ರಲ್ಲಿ ದಕ್ಷಿಣ ಆಸ್ಟ್ರೇಲಿಯದ ವರ್ತಕ ಥಾಮಸ್ ಎಲ್ಡರ್ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನೂ 31 ಜನರನ್ನೂ ಹಡಗಿನಲ್ಲಿ ತರಿಸಿ ಪೋರ್ಟ್ ಆಗಸ್ಟಾದಲ್ಲಿ ಇಳಿಸಿದ. ಆಮೇಲೆ ಬಂದವರಲ್ಲಿ ಪೇಶಾವರದವರು, ಬಲೂಚಿಸ್ತಾನದವರು, ಸಿಂಧ್ ಮತ್ತು ಪಂಜಾಬಿನವರು ಇದ್ದರು. ಎಷ್ಟೋ ಜನ ಬ್ರಿಟಿಷ್ ಇಂಡಿಯಾದ ಪ್ರಜೆಗಳೇ. ಅಲ್ಲಿನವರು ಎಲ್ಲರನ್ನೂ ಅಫ್ಘನ್ ಎಂದರು, ಬಾಯಲ್ಲಿ ‘ಘಾನ್’ ಆಯಿತು. ಅವರ ಕೇರಿ ಘಾನ್‌ಟೌನ್, ಮುಂದೆ ರೈಲಿಗೂ ಅದೇ ಹೆಸರು. ಮರ‍್ರಿ ಊರಿನಲ್ಲಿ ರೈಲುಹಳಿಯೇ ಗಡಿ: ಒಂದು ಮಗ್ಗುಲಿಗೆ ಬಿಳಿಯರು, ಇನ್ನೊಂದು ಮಗ್ಗುಲಿಗೆ ಒಂಟೆಯವರು ಮತ್ತು ಮೂಲನಿವಾಸಿಗಳು. ಅಲ್ಲಿನ ಚಿತ್ರದಲ್ಲಿ ತಗಡಿನ ಮನೆಗಳ ನಡುವೆ ಖರ್ಜೂರದ ಮರ ಕಂಡರೆ ಕ್ಯಾಮೆರಾ ಯಾವ ಮಗ್ಗುಲಿನಲ್ಲಿತ್ತು ಎಂದು ಹೇಳಬಹುದು.

ಹೆಸರು, ಹುಟ್ಟೂರು ಖಚಿತವಾಗಿ ಬೇಕಿದ್ದರೆ ಬೇರೊಂದು ಬಗೆಯ ಫೋಟೊ ಇದೆ. 1901ರ ವಲಸೆ ನಿರ್ಬಂಧ ಕಾಯಿದೆಯಂತೆ ಬಿಳಿಯರಲ್ಲದವರು ದೇಶದೊಳಗೆ ಬರಬೇಕಾದರೆ ಅಧಿಕಾರಿ ಆರಿಸಿದ ಯುರೋಪಿನ ಯಾವುದೋ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಯಬೇಕಿತ್ತು. ಬೇಡದವರನ್ನು ನಪಾಸು ಮಾಡಲೆಂದೇ ಇಟ್ಟ ಪರೀಕ್ಷೆ. ಅಲ್ಲೇ ನೆಲೆಸಿದ್ದವರು ಊರಿಗೆ ಹೋಗಿ ಮರಳಲು ವಿನಾಯಿತಿ ಪತ್ರ ಮಾಡಿಸಿಕೊಳ್ಳುತ್ತಿದ್ದರು. ಅದರಲ್ಲಿ ಎದುರಿನ ಮುಖ, ಪಕ್ಕದ ಮುಖ, ಬೆನ್ನಿಗೆ ಅಂಗೈ ಗುರುತು, ಜೊತೆಗೆ ಹುಟ್ಟಿದ ಊರು. ಈ ಕಾಗದಗಳು ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬೇಲಿ ಹಾಕಲು ತೆಗೆದ ಚಿತ್ರಗಳೇ ಇವತ್ತು ಆ ಜನರ ಹೆಸರು ಉಳಿಸಿಕೊಂಡಿವೆ.

ಒಂಟೆಯ ಮೂಗು ನೋಡಲು ಮರೆಯಬೇಡಿ. ನಮ್ಮ ಎತ್ತಿನ ಮೂಗುದಾರದಂತಲ್ಲ. ಮೂಗಿನ ಹೊಳ್ಳೆಯಲ್ಲಿ ಮರದ ಸಣ್ಣ ಗೂಟ, ಅದಕ್ಕೆ ತೀರ ತೆಳುವಾದ ದಾರ, ಆ ದಾರ ಮುಂದಿನ ಒಂಟೆಗೆ. ಒಂಟೆ ಬೆದರಿ ಹಿಂದೆಳೆದರೆ ದಾರ ಹರಿಯಬೇಕು, ಮೂಗು ಹರಿಯಬಾರದು. ಭೂತಕನ್ನಡಿಯಲ್ಲಿ ನೋಡಿದರೆ ನಮ್ಮ ಚಿತ್ರದ ಎರಡನೇ ಒಂಟೆಯಲ್ಲಿ ಗೂಟದ ತಲೆ ಕಾಣುತ್ತದೆ.

ಈಗ ಮಗಳ ಗಾಜುಗಳು. ‘ಅಂಚು ಸುಕ್ಕಾಗಿ ಎದ್ದಿದೆ, ಬಿಳಿ ಪುಡಿಯಿದೆ, ಎರಡು ಹಳದಿಯಾಗಿವೆ, ಬೂಷ್ಟು ಹಿಡಿದಿರಬೇಕು’ ಎಂದು ಬರೆದಿದ್ದೀರಿ. ನೀವು ವರ್ಣಿಸಿದ ರೀತಿ ನೋಡಿದರೆ ಬೂಷ್ಟಿಗಿಂತ ಪ್ಲೇಟು ತೊಳೆದ ಊರಿನ ನೀರಿನ ಮೇಲೇ ಅನುಮಾನ. ಗಾಜಿನ ಮೇಲಿನ ಲೇಪ ಜೆಲಟಿನ್. ತೊಳೆಯುವ ನೀರು 30 ಡಿಗ್ರಿಯ ಹತ್ತಿರ ಹೋದರೆ ಅದು ಉಬ್ಬಿ ಮೆತ್ತಗಾಗಿ ಅಂಚಿನಿಂದ ಏಳುತ್ತದೆ. ಒಳನಾಡಿನ ಕೊಳವೆಬಾವಿಗಳ ನೀರು ಎಷ್ಟೋ ಕಡೆ ಬಿಸಿಯಾಗಿಯೇ ಮೇಲೆ ಬರುತ್ತದೆ. ಬರ್ಡ್ಸ್‌ವಿಲ್ ಎಂಬ ಊರಿನದು ಹೆಚ್ಚುಕಡಿಮೆ ಕುದಿನೀರು. ತೊಳೆಯುವವರು ನಡುರಾತ್ರಿಯವರೆಗೆ ಕಾದು, ನೀರಿಗೆ ಪಟಿಕ ಹಾಕಿ ಜೆಲಟಿನ್ ಗಟ್ಟಿಮಾಡಿಕೊಳ್ಳುತ್ತಿದ್ದರು. ಬಿಳಿ ಪುಡಿ ಗಡಸುನೀರಿನ ಉಪ್ಪಿರಬಹುದು. ಹಳದಿ ಬಣ್ಣಕ್ಕೆ ಕಾರಣ ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕವಾದ ಹೈಪೊ ಇರಬೇಕು: ಕೊನೆಯಲ್ಲಿ ಅರ್ಧ ಗಂಟೆ ಹರಿಯುವ ನೀರಿನಲ್ಲಿಟ್ಟು ಅದನ್ನು ತೆಗೆಯಬೇಕು, ಕುಡಿಯಲೇ ನೀರಿಲ್ಲದ ಕಡೆ ಒಂದೆರಡು ಬೋಗುಣಿಯಲ್ಲಿ ಅದ್ದಿ ಬಿಟ್ಟಿರುತ್ತಾರೆ. ಉಳಿದ ಹೈಪೊ ವರ್ಷಗಟ್ಟಲೆ ಬೆಳ್ಳಿಯನ್ನು ತಿನ್ನುತ್ತದೆ.

ಮಗಳಿಗೆ ಹೇಳಿ: ಮತ್ತೆ ತೊಳೆಯಬಾರದು. ನೈಟ್ರೈಲ್ ಕೈಗವಸು ಹಾಕಿ, ಅಂಚು ಮಾತ್ರ ಹಿಡಿದು, ದೀಪದ ಕೆಳಗೆ ಓರೆ ಮಾಡಿದರೆ ಹೊಳೆಯುವುದು ಗಾಜಿನ ಮುಖ, ಮಂಕಾಗಿರುವುದು ಲೇಪದ ಮುಖ. ಗಾಜಿನ ಮುಖವನ್ನು ಮಾತ್ರ ತುಸು ಒದ್ದೆಮಾಡಿದ ನೂಲೇಳದ ಬಟ್ಟೆಯಿಂದ ಒರೆಸಬಹುದು. ಲೇಪದ ಮುಖಕ್ಕೆ ಮೆದು ಕುಂಚ ಸಾಕು, ಲೇಪ ಏಳುತ್ತಿದ್ದರೆ ಅದೂ ಬೇಡ. ಸ್ಕ್ಯಾನರಿನಲ್ಲಿ ಮುಚ್ಚಳದ ಕಡೆಯಿಂದಲೂ ಬೆಳಕು ಬೀಳುವ ಸೌಲಭ್ಯವಿರಬೇಕು. ಲೇಪದ ಮುಖ ಕೆಳಗೆ ಮಾಡಿ, ನಾಲ್ಕೂ ಅಂಚಿಗೆ ತೆಳು ರಟ್ಟಿನ ಪಟ್ಟಿ ಕೊಟ್ಟು ಎತ್ತರಿಸಬೇಕು. ಗಾಜಿಗೆ ಗಾಜು ತಾಗಿದರೆ ಚಿತ್ರದ ಮೇಲೆ ಕಾಮನಬಿಲ್ಲಿನ ಉಂಗುರ ಬೀಳುತ್ತವೆ. ನಾಲ್ಕೂಮುಕ್ಕಾಲು ಇಂಚು ಅಗಲ ಆರೂವರೆ ಇಂಚು ಉದ್ದ ಎಂದಿದ್ದೀರಿ, ಅದು ಹಾಫ್ ಪ್ಲೇಟ್. ಅದಕ್ಕೆ 1200 ಪಿಪಿಐ (ಇಂಚಿಗೆ 1200 ಪಿಕ್ಸೆಲ್), 16 ಬಿಟ್ ಗ್ರೇಸ್ಕೇಲ್, ಟಿಫ್ ಕಡತ. ಲೇಪ ಸುಲಿಯುತ್ತಿರುವವನ್ನು ಸ್ಕ್ಯಾನರಿಗೆ ಹಾಕಲೇಬಾರದು; ಬೆಳಕುಪೆಟ್ಟಿಗೆಯ ಮೇಲೆ ಲೇಪ ಮೇಲಾಗಿ ಇಟ್ಟು ಕ್ಯಾಮೆರಾದಲ್ಲಿ ತೆಗೆದು, ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿದರಾಯಿತು. ತಿರುಗಿಸಿದ್ದು ಸರಿಯೇ ಎಂದು ನೋಡಲು ಡಬ್ಬಿಯ ಮೇಲಿನ ಅಕ್ಷರ ಓದಿ. ಅಕ್ಷರವಿಲ್ಲದಿದ್ದರೆ ಗಂಡಸರ ಕೋಟು ನೋಡಿ, ಗುಂಡಿ ತೊಟ್ಟವರ ಬಲಗಡೆ ಇರಬೇಕು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಉದ್ದಂಚಿನ ಮೇಲೆ ನಿಲ್ಲಿಸಿ ಇಡಬೇಕು.

ಏಳನೇ ಪ್ಲೇಟಿನಲ್ಲಿ ಹೆಂಗಸೊಬ್ಬರು ಹೊಲಿಗೆಯಂತ್ರದ ಮುಂದೆ ಕೂತು ಕಿವಿಗೆ ಏನೋ ಹಾಕಿಕೊಂಡಿದ್ದಾರೆ ಎಂದಿರಲ್ಲ, ಅದು ಹೊಲಿಗೆಯಂತ್ರವಲ್ಲ. ಆಲ್ಫ್ರೆಡ್ ಟ್ರೇಗರ್ 1929ರಲ್ಲಿ ಹೊರತಂದ ಪೆಡಲ್ ವೈರ್‌ಲೆಸ್ ಇರಬೇಕು. ಮೇಜಿನ ಕೆಳಗೆ ಸೈಕಲ್ಲಿನ ಪೆಡಲ್ ತುಳಿದರೆ ವಿದ್ಯುತ್ತು, ಅದರಿಂದ ನೂರಾರು ಮೈಲಿ ದೂರಕ್ಕೆ ಸಂದೇಶ. ಪಾದ್ರಿ ಜಾನ್ ಫ್ಲಿನ್ 1928ರಲ್ಲಿ ಕ್ಲಾನ್‌ಕರಿಯಲ್ಲಿ ಶುರುಮಾಡಿದ ವಿಮಾನ ವೈದ್ಯಸೇವೆಯನ್ನು ಕರೆಯಲು ಇದೇ ದಾರಿ. ಕೈಯಲ್ಲಿ ಮೋರ್ಸ್ ಕೀಲಿಯಿದ್ದರೆ ಮೊದಲ ವರ್ಷಗಳದು, ಮಾತಾಡುವ ಮೈಕು ಇದ್ದರೆ 1930ರ ದಶಕದ ನಡುಭಾಗದಿಂದ ಈಚಿನದು. ಹಿಂದೆ ಜಗುಲಿಯಲ್ಲಿ ಗೋಣಿತಟ್ಟು ಹೊದಿಸಿದ ಕಪಾಟು, ಅದರ ತಲೆಯ ಮೇಲೆ ತಗಡಿನ ತಟ್ಟೆ ಕಂಡರೆ ಅದು ಕೂಲ್‌ಗಾರ್ಡಿ ಸೇಫ್. ತಟ್ಟೆಯ ನೀರು ಗೋಣಿಗೆ ಇಳಿದು ಗಾಳಿಗೆ ಆರುತ್ತ ಒಳಗಿನ ಬೆಣ್ಣೆ, ಮಾಂಸ ತಂಪಾಗಿರುತ್ತಿದ್ದವು. ನಮ್ಮ ಮಡಕೆಯ ನೀರಿನ ಲೆಕ್ಕವೇ.

ಉಳಿದ ಪ್ಲೇಟುಗಳ ಊರು ಹುಡುಕಲು ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಹಳೆಯ ಹೆಸರುಗಳನ್ನೂ ಹಾಕಬೇಕು: ಆಲಿಸ್ ಸ್ಪ್ರಿಂಗ್ಸ್‌ಗೆ ಸ್ಟುವರ್ಟ್, ಡಾರ್ವಿನ್‌ಗೆ ಪಾಮರ್‌ಸ್ಟನ್, ಮರ‍್ರಿಗೆ ಹರ್ಗಾಟ್ ಸ್ಪ್ರಿಂಗ್ಸ್. ಕೊನೆಯದನ್ನು ಜರ್ಮನ್ ಹೆಸರೆಂಬ ಕಾರಣಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲಿ ಕೈಬಿಟ್ಟರು.

ಒಂಬತ್ತು ಮತ್ತು ಹತ್ತನೇ ಪ್ಲೇಟುಗಳಲ್ಲಿ ಮೈಗೆ ಬಣ್ಣ ಬಳಿದುಕೊಂಡ ಮೂಲನಿವಾಸಿಗಳ ಕುಣಿತವಿದೆ, ನಮಗೆ ಕಳಿಸಲೇ ಎಂದು ಕೇಳಿದ್ದೀರಿ. ಕಳಿಸಬೇಡಿ, ಫೇಸ್‌ಬುಕ್ಕಿಗೂ ಹಾಕಬೇಡಿ. 1955ಕ್ಕೆ ಮುಂಚೆ ತೆಗೆದ ಫೋಟೊಗಳಿಗೆ ಅಲ್ಲಿನ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ, ನಿಜ. ಆದರೆ ಹಲವು ಆಚರಣೆಗಳನ್ನು ಆಯಾ ಸಮುದಾಯದಲ್ಲೇ ದೀಕ್ಷೆಯಾದವರು ಮಾತ್ರ ನೋಡಬೇಕು. ಕೆಲವನ್ನು ಗಂಡಸರಷ್ಟೇ, ಕೆಲವನ್ನು ಹೆಂಗಸರಷ್ಟೇ. ತೀರಿಕೊಂಡವರ ಮುಖ ತೋರಿಸುವುದೂ ಹೆಸರೆತ್ತುವುದೂ ಅನೇಕ ಕಡೆ ನೋವಿನ ಸಂಗತಿ. ಮಾನವಶಾಸ್ತ್ರಜ್ಞ ಬಾಲ್ಡ್ವಿನ್ ಸ್ಪೆನ್ಸರ್ ಮತ್ತು ತಂತಿ ಅಧಿಕಾರಿ ಫ್ರಾನ್ಸಿಸ್ ಗಿಲೆನ್ 1896ರಲ್ಲಿ ಆಲಿಸ್ ಸ್ಪ್ರಿಂಗ್ಸ್ ತಂತಿ ಕಚೇರಿಯ ಬಳಿ ಅರಂಡ ಜನರ ಆಚರಣೆಗಳನ್ನು ಪ್ಲೇಟಿಗೆ ಹಿಡಿದರು. ಅಂಥ ಚಿತ್ರಗಳಲ್ಲಿ ಎಷ್ಟನ್ನೋ ಈಗ ಸಂಗ್ರಹಾಲಯಗಳು ಸಾರ್ವಜನಿಕರಿಗೆ ತೆರೆಯುವುದಿಲ್ಲ. ಮೂಲನಿವಾಸಿಗಳಾದ ಪಿಟ್ಜಂಟ್ಜಾಟ್ಜಾರ ಜನರು 1994ರಿಂದ ‘ಅರ ಇರಿಟಿಟ್ಜ’ ಎಂಬ ಯೋಜನೆ ನಡೆಸಿ, ಊರೂರು ಚದುರಿದ ಇಂಥ ಚಿತ್ರಗಳನ್ನು ಮರಳಿ ತಮ್ಮವರ ಕೈಗೆ ತಂದುಕೊಳ್ಳುತ್ತಿದ್ದಾರೆ. ಮಗಳು ಆ ಎರಡು ಪ್ಲೇಟುಗಳನ್ನು ಅಡಿಲೇಡಿನಲ್ಲೇ ಇರುವ ದಕ್ಷಿಣ ಆಸ್ಟ್ರೇಲಿಯ ವಸ್ತುಸಂಗ್ರಹಾಲಯಕ್ಕೆ ತೋರಿಸಿ ಕೇಳಲಿ.

ಬಲತುದಿಯ ಇಬ್ಬರಿಗೆ ನಾವು ಅಡಿಬರಹದಲ್ಲಿ ಜಾಗವನ್ನೇ ಕೊಟ್ಟಿರಲಿಲ್ಲ ಎಂಬುದನ್ನು ನೀವು ಹೇಳಿಲ್ಲ, ನಾವೇ ಹೇಳಬೇಕು. ಒಬ್ಬರ ಕೈಯಲ್ಲಿ ಹೇರಿನ ಹಗ್ಗವಿದೆ, ಕೆಲಸದಲ್ಲಿದ್ದಾರೆ. ಮುಂದಿನ ಸಂಚಿಕೆಯ ತಿದ್ದುಪಡಿ ಹೀಗಿರುತ್ತದೆ:

‘ಊಡ್ನಡಾಟ, ದಕ್ಷಿಣ ಆಸ್ಟ್ರೇಲಿಯ. ಆಲಿಸ್ ಸ್ಪ್ರಿಂಗ್ಸ್‌ಗೆ ಸರಕು ಹೇರುತ್ತಿರುವ ಐವರು: ‘ಅಫ್ಘನ್’ ಎಂದು ಕರೆಸಿಕೊಂಡ ಮೂವರು ಒಂಟೆಯವರು, ಇಬ್ಬರು ಮೂಲನಿವಾಸಿ ಕೆಲಸಗಾರರು. ಯಾರ ಹೆಸರನ್ನೂ ಬರೆದಿಟ್ಟಿಲ್ಲ. ಕಾರ್ಡು ಅಂಚೆಗೆ ಬಿದ್ದದ್ದು 1913 ಅಥವಾ ಅನಂತರ.’