ಎಂಪಿ3ಯನ್ನು ಫ್ಲಾಕ್‌ಗೆ ಬದಲಿಸಿದರೆ ಗುಣಮಟ್ಟ ಮರಳುವುದೇ?

ಸಿಡಿಗಳನ್ನೆಲ್ಲ ಹಿಂದೆ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿಟ್ಟುಕೊಂಡು ಈಗ ಪರಿತಪಿಸುತ್ತಿದ್ದೀರಿ, ಅವನ್ನು ಫ್ಲಾಕ್‌ಗೆ, ಅಂದರೆ ಧ್ವನಿಯಲ್ಲಿ ಏನನ್ನೂ ಕಳೆಯದೆ ಕುಗ್ಗಿಸಿಡುವ ಕಡತ ರೂಪಕ್ಕೆ, ಪರಿವರ್ತಿಸಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಇಲ್ಲ, ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಎಂಪಿ3 ಮಾಡುವಾಗ ಕಿವಿಗೆ ಅಷ್ಟಾಗಿ ತಿಳಿಯದೆಂದು ಕೈಬಿಟ್ಟ ಮಾಹಿತಿ ಎಂದಿಗೂ ಮರಳುವುದಿಲ್ಲ. ಕಡತದ ಗಾತ್ರವಷ್ಟೇ ಹಿಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೆಲವು ವರ್ಷಗಳ ನಂತರ ಯಾವುದು ಅಸಲಿ ಫ್ಲಾಕ್, ಯಾವುದು ಉಬ್ಬಿಸಿದ ಎಂಪಿ3 ಎಂಬುದು ನಿಮಗೇ ತಿಳಿಯದಾಗುತ್ತದೆ.

ಸಿಡಿಗಳು ಇನ್ನೂ ಇವೆ ಎಂದಿದ್ದೀರಲ್ಲ, ಅದೇ ದೊಡ್ಡ ಸಮಾಧಾನ. ಅವುಗಳಲ್ಲಿರುವುದು ಸೆಕೆಂಡಿಗೆ 44,100 ಬಾರಿ ಅಳೆದ (44.1 ಕಿಲೋಹರ್ಟ್ಸ್), 16 ಬಿಟ್‌ನ ಸ್ಟೀರಿಯೊ ಧ್ವನಿ. ಅಂದರೆ ಸೆಕೆಂಡಿಗೆ ಸುಮಾರು 1411 ಕಿಲೋಬಿಟ್. ಫ್ಲಾಕ್ ಅದರಲ್ಲಿ ಏನನ್ನೂ ಕಳೆಯದೆ, ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಪಾಲು ಜಾಗದಲ್ಲಿ ಹಿಡಿಸಿಬಿಡುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಲ್ಲಿ ಅಕ್ಯುರೇಟ್‌ರಿಪ್ ಸೌಲಭ್ಯವನ್ನು ಚಾಲೂ ಇಟ್ಟು ಹೊಸದಾಗಿ ನಕಲು ಮಾಡಿ. ಅದು ನಿಮ್ಮ ಪ್ರತಿಯನ್ನು ಬೇರೆಯವರು ಅದೇ ಸಿಡಿಯಿಂದ ತೆಗೆದ ಪ್ರತಿಗಳ ಜೊತೆ ತಾಳೆ ನೋಡುತ್ತದೆ. ಗೀರು ಬಿದ್ದ ಸಿಡಿ ಯಾವ ಹಾಡಿನಲ್ಲಿ ಕೈಕೊಟ್ಟಿತೆಂದು ಆಗಲೇ ಗೊತ್ತಾಗುತ್ತದೆ.

ಎಲ್ಲವನ್ನೂ ಒಮ್ಮೆಗೇ ಮುಗಿಸಬೇಕಿಲ್ಲ. ಸಿಂಬಲ್ (ಡ್ರಮ್ ಜೊತೆ ಬಾರಿಸುವ ಲೋಹದ ತಟ್ಟೆ), ಗೆಜ್ಜೆ, ಚಪ್ಪಾಳೆ ಇರುವ ಧ್ವನಿಮುದ್ರಣಗಳಿಂದ ತೊಡಗಿ. 128ರಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ಗಿಂತ ಮೇಲಿನ ಕೀಚು ಧ್ವನಿ ಕತ್ತರಿಸಿಹೋಗಿರುತ್ತದೆ. ಸಿಂಬಲ್‌ನ ಝಣತ್ಕಾರ ನೀರೊಳಗಿನಿಂದ ಬಂದಂತೆ ಕಲಸಿಕೊಂಡು ಕೇಳುತ್ತದೆ. 320 ಕೆಬಿಪಿಎಸ್‌ನ ಎಂಪಿ3ಗಳೇನಾದರೂ ಇದ್ದರೆ ಅವನ್ನು ಹಾಗೆಯೇ ಬಿಡಿ. ಅವನ್ನೂ ಸಿಡಿಯ ಧ್ವನಿಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಬಹುತೇಕರಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ. ಯಾವುದಾದರೂ ಸಿಡಿ ಕಳೆದುಹೋಗಿದ್ದರೆ ಅದರ ಹಾಡುಗಳ ಎಂಪಿ3ಗಳನ್ನು ಮಾತ್ರ ಅಳಿಸಬೇಡಿ. ಹೊಸ ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಡಿ.